ತಂತಿ ಅಲೆಯ ಹಾದಿಯಾದಾಗ: ಕ್ಯಾರಿಯರ್ ಬೋರ್ಡಿನ ವೇಗದ ಕೊಂಡಿಗಳು

ವಿದ್ಯುತ್ ಮಂಡಲಗಳ ಪಾಠ ಒಂದು ಸರಳ ನಂಬಿಕೆಯಿಂದ ಆರಂಭವಾಗುತ್ತದೆ. ತಂತಿಯ ಈ ತುದಿಯಲ್ಲಿ ಎಷ್ಟು ವಿಭವವಿದೆಯೋ ಆ ತುದಿಯಲ್ಲೂ ಅದೇ ಕ್ಷಣದಲ್ಲಿ ಅಷ್ಟೇ ಇರುತ್ತದೆ ಎಂಬುದೇ ಆ ನಂಬಿಕೆ. ಬ್ಯಾಟರಿ, ಬಲ್ಬು, ಸ್ವಿಚ್ಚುಗಳ ಮಟ್ಟಿಗೆ ಇದು ಸರಿ. ಇಂಜಿನಿಯರಿಂಗ್ ಕಾಲೇಜುಗಳ ಪ್ರಯೋಗಾಲಯದಲ್ಲಿರುವ 8051 ಮೈಕ್ರೊಕಂಟ್ರೋಲರ್ ಕಿಟ್‌ಗಳವರೆಗೂ ಸರಿ. ಆದರೆ ಅಂಗೈಯಗಲದ ಇಂದಿನ ಕಂಪ್ಯೂಟರ್ ಫಲಕಗಳಲ್ಲಿ ಈ ನಂಬಿಕೆ ಕೈಕೊಡುತ್ತದೆ. ಅಲ್ಲಿ ಹತ್ತು ಸೆಂಟಿಮೀಟರ್ ಉದ್ದದ ತಾಮ್ರದ ಗೆರೆಯೊಂದರ ಆರಂಭದಲ್ಲಿ ‘1’ ಇರುವಾಗ ಕೊನೆಯಲ್ಲಿ ‘0’ ಇರಬಹುದು. ನಡುವೆ ಇನ್ನೂ ಒಂದೆರಡು ಬಿಟ್‌ಗಳು ಸಾಲಾಗಿ ಸಾಗುತ್ತಿರಬಹುದು. ಅಂಥ ಗೆರೆಯನ್ನು ಬರಿಯ ತಂತಿ ಎಂದೆಣಿಸಿ ಎಳೆದರೆ ಬೋರ್ಡು ಕೆಲಸ ಮಾಡದೆ ಹೋಗಬಹುದು. ಅದಕ್ಕಿಂತ ಕೆಟ್ಟದ್ದು ಎಂದರೆ, ಕೆಲಸ ಮಾಡಿದಂತೆ ತೋರಬಹುದು.

ಎರಡು ಪಾಲಾದ ಕಂಪ್ಯೂಟರ್

ಟಿಕೆಟ್ ಕೊಡುವ ಯಂತ್ರ, ಆಸ್ಪತ್ರೆಯ ಸ್ಕ್ಯಾನಿಂಗ್ ಉಪಕರಣ, ಕಾರ್ಖಾನೆಯ ನಿಯಂತ್ರಕ ಇವುಗಳೊಳಗೆಲ್ಲ ಒಂದೊಂದು ಕಂಪ್ಯೂಟರ್ ಹುದುಗಿರುತ್ತದೆ. ಇದನ್ನೇ ಎಂಬೆಡೆಡ್ ಕಂಪ್ಯೂಟರ್ ಎನ್ನುತ್ತೇವೆ. ಪ್ರತಿ ಯಂತ್ರಕ್ಕೂ ಇಡೀ ಕಂಪ್ಯೂಟರನ್ನು ಹೊಸದಾಗಿ ವಿನ್ಯಾಸ ಮಾಡುವುದು ದುಬಾರಿ. ಆದ್ದರಿಂದ ಕೆಲಸವನ್ನು ಎರಡು ಪಾಲು ಮಾಡಿಕೊಂಡಿದ್ದಾರೆ. ಪ್ರೊಸೆಸರ್, ಮೆಮೊರಿ ಮತ್ತು ಅವುಗಳ ವಿದ್ಯುತ್ ಪೂರೈಕೆಯನ್ನು ಒಂದು ಚಿಕ್ಕ ಫಲಕದಲ್ಲಿ ಕೂರಿಸಿ ಮಾರುತ್ತಾರೆ, ಇದು ಮಾಡ್ಯೂಲ್. ಯಂತ್ರಕ್ಕೆ ಬೇಕಾದ ಸಾಕೆಟ್‌ಗಳು, ಸಂವೇದಕಗಳು, ಪರದೆಯ ಸಂಪರ್ಕ ಮುಂತಾದವುಗಳಿರುವ ದೊಡ್ಡ ಫಲಕವನ್ನು ಯಂತ್ರ ತಯಾರಿಸುವವರೇ ಮಾಡಿಕೊಂಡು, ಮಾಡ್ಯೂಲನ್ನು ಅದರ ಮೇಲೆ ಒತ್ತಿ ಕೂರಿಸುತ್ತಾರೆ. ಮಾಡ್ಯೂಲನ್ನು ಹೊರುವ ಈ ಫಲಕವೇ ಕ್ಯಾರಿಯರ್ ಬೋರ್ಡು.

ಇದಕ್ಕೆ ಮಾನಕಗಳೂ ಇವೆ. ಪಿಐಸಿಎಂಜಿ ಎಂಬ ಉದ್ಯಮ ಒಕ್ಕೂಟ 2005ರಲ್ಲಿ ಹೊರತಂದ ಕಾಮ್ ಎಕ್ಸ್‌ಪ್ರೆಸ್ ಮಾನಕದಲ್ಲಿ ಮಾಡ್ಯೂಲಿಗೂ ಕ್ಯಾರಿಯರಿಗೂ ನಡುವೆ 440 ಪಿನ್‌ಗಳವರೆಗೆ ಇರುತ್ತವೆ. 2021ರಲ್ಲಿ ಬಂದ ಕಾಮ್-ಎಚ್‌ಪಿಸಿ ಮಾನಕದಲ್ಲಿ 800. ವಿದ್ಯಾರ್ಥಿಗಳ ಕೈಗೆಟುಕುವ ಉದಾಹರಣೆ ಬೇಕೆಂದರೆ ರಾಸ್ಪ್‌ಬೆರಿ ಪೈ ಕಂಪ್ಯೂಟ್ ಮಾಡ್ಯೂಲ್. 2014ರ ಮೊದಲ ಮಾಡ್ಯೂಲ್ ಲ್ಯಾಪ್‌ಟಾಪಿನ ಮೆಮೊರಿ ಕಾರ್ಡಿನ ಆಕಾರದಲ್ಲಿತ್ತು. 2020ರ ನಾಲ್ಕನೆಯ ಮಾಡ್ಯೂಲ್ 55 ಮಿ.ಮೀ. ಉದ್ದ, 40 ಮಿ.ಮೀ. ಅಗಲ, ಅದರ ಅಡಿಯಲ್ಲಿ ನೂರು ನೂರು ಪಿನ್‌ಗಳ ಎರಡು ಕನೆಕ್ಟರ್‌ಗಳು. ಅವುಗಳ ಮೂಲಕ ಒಂದು ಪಿಸಿಐ ಎಕ್ಸ್‌ಪ್ರೆಸ್ ಕೊಂಡಿ, ಗಿಗಾಬಿಟ್ ಈಥರ್ನೆಟ್, ಎರಡು ಎಚ್‌ಡಿಎಂಐ ಎಲ್ಲವೂ ಕ್ಯಾರಿಯರಿಗೆ ಇಳಿಯುತ್ತವೆ.

ಕಠಿಣವಾದ ಭಾಗವನ್ನು ಮಾಡ್ಯೂಲಿನವರೇ ಮಾಡಿ ಕೊಟ್ಟಿದ್ದಾರೆ, ನಮಗೆ ಉಳಿದದ್ದು ಸಾಕೆಟ್ ಜೋಡಿಸುವ ಕೆಲಸ ಎಂದು ಇಲ್ಲಿ ಅನ್ನಿಸಬಹುದು. ಅರ್ಧ ಮಾತ್ರ ನಿಜ. ಪ್ರೊಸೆಸರಿನಿಂದ ಹೊರಟ ಸಂಕೇತ ಮಾಡ್ಯೂಲಿನ ಗೆರೆ, ಕನೆಕ್ಟರ್, ಕ್ಯಾರಿಯರಿನ ಗೆರೆ, ಸಾಕೆಟ್, ಕಾರ್ಡಿನ ಗೆರೆ ಎಲ್ಲವನ್ನೂ ದಾಟಿ ಗುರಿ ಮುಟ್ಟಬೇಕು. ಅದು ಒಂದೇ ಹಾದಿ. ಅದರ ನಡುವಿನ ತುಂಡು ನಮ್ಮದು.

ಹೆಚ್ಚು ತಂತಿಯಿಂದ ಕಡಿಮೆ ತಂತಿಗೆ

ಹಳೆಯ ಕಂಪ್ಯೂಟರುಗಳ ಹಿಂಬದಿಯ 25 ಪಿನ್‌ಗಳ ಪ್ರಿಂಟರ್ ಪೋರ್ಟ್, ಹಾರ್ಡ್ ಡಿಸ್ಕಿಗೆ ಹೋಗುತ್ತಿದ್ದ ಪಟ್ಟಿಯಂಥ ಅಗಲ ಕೇಬಲ್ ಹಲವರಿಗೆ ನೆನಪಿರಬಹುದು. ಹೆಚ್ಚು ತಂತಿಗಳಿದ್ದರೆ ಹೆಚ್ಚು ದತ್ತಾಂಶ ಎಂಬುದು ಆಗಿನ ತರ್ಕ. ಆದರೆ 32 ತಂತಿಗಳಲ್ಲಿ ಒಟ್ಟಿಗೆ ಹೊರಟ 32 ಬಿಟ್‌ಗಳು ಒಟ್ಟಿಗೇ ತಲುಪಬೇಕಲ್ಲ? ವೇಗ ಹೆಚ್ಚಿದಂತೆ ತಂತಿ ತಂತಿಗಳ ನಡುವಿನ ಸಣ್ಣ ಉದ್ದದ ವ್ಯತ್ಯಾಸವೂ ಬಿಟ್‌ಗಳನ್ನು ಹಿಂದುಮುಂದು ಮಾಡುತ್ತದೆ. ಹಾರ್ಡ್ ಡಿಸ್ಕಿನ ಕೇಬಲ್ಲನ್ನು ವೇಗಗೊಳಿಸುವಾಗ ಪಿನ್‌ಗಳು 40 ಆಗಿಯೇ ಉಳಿದು ತಂತಿಗಳು ಮಾತ್ರ 80 ಆದವು. ಹೆಚ್ಚುವರಿಯಾದ ನಲವತ್ತೂ ಬರಿಯ ಗ್ರೌಂಡ್ ತಂತಿಗಳು! ಏನೂ ಹೊರದ ತಂತಿ ಏಕೆ ಬೇಕಾಯಿತು ಎಂಬುದಕ್ಕೆ ಉತ್ತರ ಮುಂದೆ ಬರುತ್ತದೆ.

ಹಳೆಯ ಪಿಸಿಐ ಬಸ್ಸು 32 ದತ್ತಾಂಶ ಗೆರೆಗಳು, 33 ಮೆಗಾಹರ್ಟ್ಸ್ ಗಡಿಯಾರದಿಂದ ಸೆಕೆಂಡಿಗೆ 133 ಮೆಗಾಬೈಟ್ ಸಾಗಿಸುತ್ತಿತ್ತು. 2003ರಲ್ಲಿ ಅದರ ಜಾಗಕ್ಕೆ ಬಂದ ಪಿಸಿಐ ಎಕ್ಸ್‌ಪ್ರೆಸ್ಸಿನ ಒಂದು ಲೇನಿನಲ್ಲಿ ಹೋಗಲು ಎರಡು, ಬರಲು ಎರಡು, ಒಟ್ಟು ನಾಲ್ಕೇ ಗೆರೆ. ಬಿಟ್‌ಗಳು ಒಂದರ ಹಿಂದೊಂದು ಸೆಕೆಂಡಿಗೆ 250 ಕೋಟಿಯಂತೆ ಹೋಗುತ್ತವೆ. ದತ್ತಾಂಶದ ಲೆಕ್ಕದಲ್ಲಿ ಪ್ರತಿ ದಿಕ್ಕಿಗೆ 250 ಮೆಗಾಬೈಟ್. 2007ರ ಎರಡನೆಯ ತಲೆಮಾರಿನಲ್ಲಿ ಇದು ಸೆಕೆಂಡಿಗೆ 500 ಕೋಟಿ ಬಿಟ್, ಅಂದರೆ 5 ಗಿಗಾಬಿಟ್ ಆಯಿತು. 2010ರಲ್ಲಿ 8, 2017ರಲ್ಲಿ 16, 2019ರಲ್ಲಿ 32 ಗಿಗಾಬಿಟ್ ವೇಗದ ಮಾನಕಗಳು ಬಂದವು.

ದತ್ತಾಂಶದ ಜೊತೆಗೆ ಗಡಿಯಾರದ ಮಿಡಿತಕ್ಕೆ ಬೇರೆ ಗೆರೆಯ ಜೋಡಣೆ ಇಲ್ಲಿ ಬೇಡ. ಸ್ವೀಕರಿಸುವ ಚಿಪ್ಪು ಬಿಟ್‌ಗಳ ಏರಿಳಿತದಿಂದಲೇ ಮಿಡಿತವನ್ನು ಹೆಕ್ಕಿಕೊಳ್ಳುತ್ತದೆ. ಸಾಲಾಗಿ ನೂರು ಸೊನ್ನೆಗಳೇ ಬಂದುಬಿಟ್ಟರೆ ಹೆಕ್ಕುವುದು ಹೇಗೆ? ಐಬಿಎಂನ ವಿಡ್ಮರ್ ಮತ್ತು ಫ್ರಾನಸ್ಜೆಕ್ 1983ರಲ್ಲಿ ಪ್ರಕಟಿಸಿದ ಸಂಕೇತ ಪದ್ಧತಿ ಇದಕ್ಕೆ ಪರಿಹಾರ. 8 ಬಿಟ್‌ಗಳಿಗೆ ಬದಲಾಗಿ ಜಾಣ್ಮೆಯಿಂದ ಆರಿಸಿದ 10 ಬಿಟ್ ಕಳಿಸಿದರೆ ಒಂದೇ ಬೆಲೆಯ ಬಿಟ್ ಸತತವಾಗಿ ಐದಕ್ಕಿಂತ ಹೆಚ್ಚು ಬರುವುದಿಲ್ಲ. ಮೊದಲ ಎರಡು ತಲೆಮಾರುಗಳಲ್ಲಿ ಇದೇ ಪದ್ಧತಿ ಇತ್ತು. ಮೂರನೆಯದರಿಂದ 128ಕ್ಕೆ 130ರ ಪದ್ಧತಿ.

ಒಂದು ಬಿಟ್ ಎಷ್ಟು ಉದ್ದ?

ಬೆಳಕು ಶೂನ್ಯದಲ್ಲಿ ಒಂದು ನ್ಯಾನೊಸೆಕೆಂಡಿಗೆ 30 ಸೆಂ.ಮೀ. ಸಾಗುತ್ತದೆ. ಬೋರ್ಡು ತಯಾರಿಸುವ ಎಫ್‌ಆರ್-4 ಎಂಬ ಗಾಜುನಾರು ಮತ್ತು ರಾಳದ ಫಲಕದ ಡೈಎಲೆಕ್ಟ್ರಿಕ್ ಸ್ಥಿರಾಂಕ ಸುಮಾರು 4. ವಿದ್ಯುತ್ಕಾಂತೀಯ ಅಲೆಯ ವೇಗ ಇದರ ವರ್ಗಮೂಲದಷ್ಟು ಪಟ್ಟು ಕುಗ್ಗುತ್ತದೆ. ಹಾಗಾಗಿ ಫಲಕದೊಳಗೆ ಅದು ನ್ಯಾನೊಸೆಕೆಂಡಿಗೆ 15 ಸೆಂ.ಮೀ. ಮಾತ್ರ.

ಈಗ ಲೆಕ್ಕ ಹಾಕೋಣ. 5 ಗಿಗಾಬಿಟ್ ವೇಗದಲ್ಲಿ ಒಂದು ಬಿಟ್ಟಿನ ಆಯಸ್ಸು 0.2 ನ್ಯಾನೊಸೆಕೆಂಡ್, ಅಂದರೆ 200 ಪಿಕೊಸೆಕೆಂಡ್. ಅಷ್ಟರಲ್ಲಿ ಅಲೆ 3 ಸೆಂ.ಮೀ. ಸಾಗುತ್ತದೆ. ಬೋರ್ಡಿನ ಮೇಲೆ ಒಂದು ಬಿಟ್ಟಿನ ‘ಉದ್ದ’ 3 ಸೆಂ.ಮೀ. ಎಂದಾಯಿತು. ಹತ್ತು ಸೆಂಟಿಮೀಟರ್ ಗೆರೆಯಲ್ಲಿ ಒಂದೇ ಕಾಲಕ್ಕೆ ಮೂರಕ್ಕೂ ಹೆಚ್ಚು ಬಿಟ್‌ಗಳು ಪ್ರಯಾಣದಲ್ಲಿರುತ್ತವೆ. 16 ಗಿಗಾಬಿಟ್‌ನಲ್ಲಿ ಬಿಟ್ಟಿನ ಉದ್ದ ಒಂದು ಸೆಂಟಿಮೀಟರಿಗೂ ಕಡಿಮೆ. 32ರಲ್ಲಿ ಅರ್ಧ ಸೆಂಟಿಮೀಟರಿಗೂ ಕಡಿಮೆ, ಒಂದು ಜೋಳದ ಕಾಳಿನಷ್ಟು.

ಹಳೆಯ ಮೈಕ್ರೊಕಂಟ್ರೋಲರಿನಲ್ಲಿ ಸಂಕೇತ ಸೊನ್ನೆಯಿಂದ ಒಂದಕ್ಕೆ ಏರಲು 20 ನ್ಯಾನೊಸೆಕೆಂಡ್ ತೆಗೆದುಕೊಳ್ಳುತ್ತಿತ್ತು ಎನ್ನೋಣ. ಆ ಏರಿನ ಉದ್ದ 3 ಮೀಟರ್. ಬೋರ್ಡು ಅದರಲ್ಲಿ ಇಪ್ಪತ್ತನೆಯ ಒಂದು ಭಾಗ. ಆದ್ದರಿಂದಲೇ ಅಲ್ಲಿ ‘ಎರಡೂ ತುದಿಗೆ ಒಂದೇ ವಿಭವ’ ಎಂಬ ನಂಬಿಕೆ ನಡೆಯಿತು. ಗಮನಿಸಬೇಕಾದದ್ದು ಗಡಿಯಾರದ ಆವೃತ್ತಿಗಿಂತ ಈ ಏರಿಕೆಯ ಕಾಲವನ್ನು. ನಿಧಾನ ಗಡಿಯಾರದ ಮಂಡಲದಲ್ಲಿ ಹೊಸ ಕಾಲದ ಚುರುಕು ಚಿಪ್ಪು ಹಾಕಿದಾಗ ಹಳೆಯ ವಿನ್ಯಾಸ ಇದ್ದಕ್ಕಿದ್ದಂತೆ ಕೆಡುವುದಕ್ಕೆ ಕಾರಣ ಇದೇ.

ಕಾಲುವೆಯ ಎರಡು ದಂಡೆ

ಸಂಕೇತ ತಾಮ್ರದೊಳಗೆ ಹರಿಯುತ್ತದೆ ಎಂಬ ಚಿತ್ರವನ್ನು ಈಗ ಬಿಡಬೇಕಾಗುತ್ತದೆ. ಹರಿಯುವುದು ವಿದ್ಯುತ್ ಮತ್ತು ಕಾಂತ ಕ್ಷೇತ್ರಗಳ ಅಲೆ. ಅದು ಹರಿಯುವುದು ಮೇಲಿನ ತಾಮ್ರದ ಗೆರೆಗೂ ಕೆಳಗಿನ ಗ್ರೌಂಡ್ ಪದರಕ್ಕೂ ನಡುವಿನ ಅವಾಹಕದಲ್ಲಿ. ನೀರು ಕಾಲುವೆಯ ದಂಡೆಯೊಳಗೆ ಹರಿಯುವುದಿಲ್ಲ, ದಂಡೆಗಳ ನಡುವೆ ಹರಿಯುತ್ತದೆ. ಹಾಗೆಯೇ ತಾಮ್ರದ ಗೆರೆ ಒಂದು ದಂಡೆ, ಗ್ರೌಂಡ್ ಪದರ ಇನ್ನೊಂದು ದಂಡೆ. ಅಲೆಯ ವೇಗ ತಾಮ್ರದ ಗುಣಕ್ಕಿಂತ ಅವಾಹಕದ ಗುಣವನ್ನು ಅವಲಂಬಿಸಿರುವುದೂ ಇದರಿಂದಲೇ.

ಕಾಲುವೆಯ ಅಗಲ ಎಲ್ಲ ಕಡೆ ಒಂದೇ ಸಮನಾಗಿದ್ದರೆ ನೀರು ನೆಮ್ಮದಿಯಿಂದ ಹರಿಯುತ್ತದೆ. ಗೆರೆಯ ವಿಷಯದಲ್ಲಿ ಈ ‘ಅಗಲ’ಕ್ಕೆ ಸಮನಾದದ್ದು ಲಾಕ್ಷಣಿಕ ಪ್ರತಿಬಾಧೆ, ಇಂಜಿನಿಯರರ ಮಾತಿನಲ್ಲಿ ಇಂಪೀಡೆನ್ಸ್. ಗೆರೆಯ ಪ್ರತಿ ಮಿಲಿಮೀಟರಿಗೂ ಒಂದಿಷ್ಟು ಪ್ರೇರಕತೆ, ಒಂದಿಷ್ಟು ಧಾರಕತೆ ಇರುತ್ತದೆ. ಪ್ರೇರಕತೆಯನ್ನು ಧಾರಕತೆಯಿಂದ ಭಾಗಿಸಿ ವರ್ಗಮೂಲ ತೆಗೆದರೆ ಬರುವುದೇ ಈ ಪ್ರತಿಬಾಧೆ. ಗೆರೆ ಅಗಲವಾದರೆ, ಅಥವಾ ಗ್ರೌಂಡ್ ಪದರ ಹತ್ತಿರ ಬಂದರೆ, ಧಾರಕತೆ ಹೆಚ್ಚಿ ಪ್ರತಿಬಾಧೆ ಇಳಿಯುತ್ತದೆ. ಎಫ್‌ಆರ್-4 ಫಲಕದ ಹೊರ ಮೈಯಲ್ಲಿ 50 ಓಮ್ ಬರಬೇಕಾದರೆ ಗೆರೆಯ ಅಗಲ ಅವಾಹಕದ ದಪ್ಪದ ಸುಮಾರು ಎರಡರಷ್ಟಿರಬೇಕು. ಸಾಮಾನ್ಯ ಎರಡು ಪದರಗಳ ಬೋರ್ಡಿನಲ್ಲಿ ಅವಾಹಕದ ದಪ್ಪ 1.6 ಮಿ.ಮೀ.; ಗೆರೆ 3 ಮಿ.ಮೀ. ಅಗಲವಾಗಬೇಕು. 0.4 ಮಿ.ಮೀ. ಅಂತರದ ಪಿನ್‌ಗಳಿರುವ ಕನೆಕ್ಟರಿನಿಂದ ಇಂಥ ಗೆರೆಗಳನ್ನು ಹೊರತರುವುದು ಹೇಗೆ? ಕ್ಯಾರಿಯರ್ ಬೋರ್ಡು ನಾಲ್ಕು ಪದರಗಳಿಂದಲೇ ಆರಂಭವಾಗುವುದು ಈ ಲೆಕ್ಕದಿಂದ. ಹೊರ ಪದರಕ್ಕೂ ಅದರ ಕೆಳಗಿನ ಗ್ರೌಂಡ್ ಪದರಕ್ಕೂ ನಡುವೆ ಅಲ್ಲಿ 0.1 ಅಥವಾ 0.2 ಮಿ.ಮೀ. ಅಷ್ಟೇ ಇರುತ್ತದೆ.

ಪ್ರತಿಬಾಧೆ ಬದಲಾದ ಕಡೆಯಲ್ಲೆಲ್ಲ ಅಲೆಯ ಒಂದು ಭಾಗ ಹಿಂದಿರುಗುತ್ತದೆ. ಎಷ್ಟು ಭಾಗ ಎಂಬುದು ಎರಡು ಪ್ರತಿಬಾಧೆಗಳ ವ್ಯತ್ಯಾಸವನ್ನು ಅವುಗಳ ಮೊತ್ತದಿಂದ ಭಾಗಿಸಿದಷ್ಟು. 50 ಓಮ್ ಗೆರೆ 60 ಓಮ್ ಆದರೆ 110ರಲ್ಲಿ 10, ಅಂದರೆ ಶೇಕಡ 9ರಷ್ಟು. ತೆಳು ಹಗ್ಗಕ್ಕೆ ದಪ್ಪ ಹಗ್ಗ ಗಂಟು ಹಾಕಿ ಒಂದು ತುದಿಯನ್ನು ಕುಲುಕಿದರೆ ಗಂಟಿನಲ್ಲಿ ಅಲೆ ಒಡೆದು ಒಂದಿಷ್ಟು ಹಿಂದಕ್ಕೆ ಬರುವುದನ್ನು ಶಾಲೆಯಲ್ಲೇ ತೋರಿಸಬಹುದು. ಪ್ರತಿಫಲನ ಯಾವಾಗಲೂ ಶತ್ರುವೇ ಆಗಿರಲಿಲ್ಲ ಎಂಬುದು ಸ್ವಾರಸ್ಯಕರ. ಹಳೆಯ ಪಿಸಿಐ ಬಸ್ಸಿನಲ್ಲಿ ಬೇಕಾದದ್ದರ ಅರ್ಧದಷ್ಟೇ ವಿಭವವನ್ನು ಕಳಿಸಿ, ತೆರೆದ ತುದಿಯಿಂದ ಹಿಂದಿರುಗುವ ಅಲೆ ಸೇರಿ ಅದು ಪೂರ್ಣವಾಗಲಿ ಎಂದು ಕಾಯುತ್ತಿದ್ದರು.

ಪದವಿ ತರಗತಿಯ ಅಧ್ಯಾಪಕರು ಮಾಡಿಸಬಹುದಾದ ಒಂದು ಪ್ರಯೋಗ ಇಲ್ಲಿದೆ. ಆರ್‌ಜಿ-58 ಜಾತಿಯ ಏಕಾಕ್ಷ ಕೇಬಲ್ 20 ಮೀಟರ್ ತೆಗೆದುಕೊಳ್ಳಿ. 50 ಓಮ್ ಹೊರಗಂಡಿಯ ಫಂಕ್ಷನ್ ಜನರೇಟರಿನಿಂದ 500 ಕಿಲೊಹರ್ಟ್ಸ್ ಚೌಕ ತರಂಗವನ್ನು ಟಿ-ಜೋಡಣೆಯ ಮೂಲಕ ಕೇಬಲ್ಲಿಗೂ ಆಸಿಲೊಸ್ಕೋಪಿಗೂ ಕೊಡಿ. ಕೇಬಲ್ಲಿನ ದೂರದ ತುದಿ ತೆರೆದಿರಲಿ. ಪರದೆಯ ಮೇಲೆ ವಿಭವ ಮೊದಲು ಅರ್ಧಕ್ಕೆ ಏರಿ, ಸುಮಾರು 200 ನ್ಯಾನೊಸೆಕೆಂಡ್ ಕಾದು, ಆಮೇಲೆ ಪೂರ್ಣಕ್ಕೆ ಏರುತ್ತದೆ. ಆ ಕಾಯುವಿಕೆ ಅಲೆ 20 ಮೀಟರ್ ಹೋಗಿ 20 ಮೀಟರ್ ಬಂದ ಕಾಲ. ದೂರದ ತುದಿಯನ್ನು ಜೋಡಿಸಿಬಿಟ್ಟರೆ ವಿಭವ ಅರ್ಧಕ್ಕೆ ಏರಿ, ಅಷ್ಟೇ ಹೊತ್ತಿನ ನಂತರ ಸೊನ್ನೆಗೆ ಬೀಳುತ್ತದೆ. ಈಗ ಆ ತುದಿಗೆ 100 ಓಮ್‌ನ ಇಂಗಾಲದ ಪೊಟೆನ್ಶಿಯೊಮೀಟರ್ ಜೋಡಿಸಿ ತಿರುಗಿಸುತ್ತ ಹೋಗಿ. ಒಂದು ಸ್ಥಾನದಲ್ಲಿ ಮೆಟ್ಟಿಲು ಮಾಯವಾಗುತ್ತದೆ. ಆಗ ಅದನ್ನು ಬಿಚ್ಚಿ ಮಲ್ಟಿಮೀಟರಿನಲ್ಲಿ ಅಳೆದರೆ 50 ಓಮ್‌ನ ಆಸುಪಾಸು ಸಿಗುತ್ತದೆ. ಕೇಬಲ್ಲಿನ ರೋಧ ಅಷ್ಟಿಲ್ಲ. ಈ 50 ಓಮ್ ಅಲೆಗೆ ಮಾತ್ರ ಕಾಣುವ ಗುಣ ಎಂದು ವಿದ್ಯಾರ್ಥಿಗಳಿಗೆ ಇದಕ್ಕಿಂತ ಚೆನ್ನಾಗಿ ತಿಳಿಸುವ ದಾರಿ ನನಗೆ ತಿಳಿದಂತೆ ಇಲ್ಲ.

ಕ್ಯಾರಿಯರ್ ಬೋರ್ಡಿನಲ್ಲಿ ಒಂಟಿ ಗೆರೆಯ ಬದಲು ಜೋಡಿ ಗೆರೆಗಳಿರುತ್ತವೆ. ಒಂದರಲ್ಲಿ ವಿಭವ ಏರಿದಾಗ ಇನ್ನೊಂದರಲ್ಲಿ ಇಳಿಯುತ್ತದೆ. ಸ್ವೀಕರಿಸುವವರು ವ್ಯತ್ಯಾಸವನ್ನಷ್ಟೇ ನೋಡುತ್ತಾರೆ. ಎರಡಕ್ಕೂ ಸಮನಾಗಿ ತಗುಲಿದ ಗದ್ದಲ ಕಳೆದುಹೋಗುತ್ತದೆ. ಯುಎಸ್‌ಬಿಗೆ ಜೋಡಿಯ ಪ್ರತಿಬಾಧೆ 90 ಓಮ್, ಈಥರ್ನೆಟ್ಟಿಗೂ ಎಚ್‌ಡಿಎಂಐಗೂ 100 ಓಮ್. ಪಿಸಿಐ ಎಕ್ಸ್‌ಪ್ರೆಸ್ಸಿಗೆ 85ರಿಂದ 100ರೊಳಗೆ ಮಾಡ್ಯೂಲಿನ ಕೈಪಿಡಿ ಹೇಳಿದಷ್ಟು. ಬೋರ್ಡು ತಯಾರಿಸುವ ಕಾರ್ಖಾನೆಗೆ ಈ ಸಂಖ್ಯೆಗಳನ್ನು ಬರೆದು ಕೊಡಬೇಕು. ಶೇಕಡ 10ರಷ್ಟು ಹೆಚ್ಚುಕಡಿಮೆಯನ್ನು ಅವರು ಸಾಮಾನ್ಯವಾಗಿ ಕೇಳುತ್ತಾರೆ, ಅದನ್ನು ಕೊಡಬಹುದು.

ಒಡೆದ ದಂಡೆ

ಹೊಸಬರ ಬೋರ್ಡುಗಳಲ್ಲಿ ಕಾಣುವ ದೋಷಗಳಲ್ಲಿ ಅತ್ಯಂತ ಸಾಮಾನ್ಯವಾದದ್ದೂ ಅತ್ಯಂತ ಹಾನಿಕರವಾದದ್ದೂ ಒಂದೇ ಎನ್ನುವುದು ನನ್ನ ಅಭಿಪ್ರಾಯ. ಅದು ಗೆರೆಯಲ್ಲಿ ಇರುವುದಿಲ್ಲ, ಗೆರೆಯ ಕೆಳಗೆ ಇರುತ್ತದೆ. ವಿದ್ಯುತ್ ಪ್ರವಾಹ ಹೋದ ಮೇಲೆ ಹಿಂದಿರುಗಲೇಬೇಕು. ಕಡಿಮೆ ಆವೃತ್ತಿಯಲ್ಲಿ ಅದು ಗ್ರೌಂಡ್ ಪದರದ ಉದ್ದಗಲಕ್ಕೂ ಹರಡಿ, ರೋಧ ಕಡಿಮೆಯಿರುವ ದಾರಿಗಳಲ್ಲಿ ಹಿಂದಿರುಗುತ್ತದೆ. ಹೆಚ್ಚಿನ ಆವೃತ್ತಿಯಲ್ಲಿ ಪ್ರೇರಕತೆ ಕಡಿಮೆಯಿರುವ ದಾರಿ ಹಿಡಿಯುತ್ತದೆ. ಆ ದಾರಿ ಗೆರೆಯ ಸರಿಯಾಗಿ ಅಡಿಯಲ್ಲೇ, ಅದರ ನೆರಳಿನಂತೆ ಇರುತ್ತದೆ. ಗೆರೆ ತಿರುಗಿದಲ್ಲಿ ನೆರಳೂ ತಿರುಗುತ್ತದೆ.

ಈಗ ಗ್ರೌಂಡ್ ಪದರದಲ್ಲಿ ಒಂದು ಸೀಳು ಇದೆ ಎಂದುಕೊಳ್ಳಿ. ‘ಅನಲಾಗ್ ಗ್ರೌಂಡ್ ಬೇರೆ, ಡಿಜಿಟಲ್ ಗ್ರೌಂಡ್ ಬೇರೆ’ ಎಂಬ ಹಳೆಯ ಪಾಠದಂತೆ ಯಾರೋ ಪದರವನ್ನು ಎರಡಾಗಿ ಕತ್ತರಿಸಿದ್ದಾರೆ. ವೇಗದ ಗೆರೆ ಆ ಸೀಳಿನ ಮೇಲೆ ಹಾದುಹೋಗಿದೆ. ಮೇಲಿನ ದಂಡೆ ಅಖಂಡ, ಕೆಳಗಿನ ದಂಡೆ ಒಡೆದಿದೆ. ಹಿಂದಿರುಗುವ ಪ್ರವಾಹ ಸೀಳನ್ನು ಸುತ್ತಿ ಬರಬೇಕು. ಅಲ್ಲಿ ಪ್ರತಿಬಾಧೆ ಜಿಗಿಯುತ್ತದೆ, ಅಲೆ ಒಡೆಯುತ್ತದೆ, ಸೀಳಿನುದ್ದಕ್ಕೂ ಕ್ಷೇತ್ರ ಸೋರಿ ಪಕ್ಕದ ಗೆರೆಗಳಿಗೆ ತಗುಲುತ್ತದೆ. ಜೋಡಿ ಗೆರೆಗಳಲ್ಲಿ ಇದರ ಪೆಟ್ಟು ಸ್ವಲ್ಪ ಕಡಿಮೆ, ಇಲ್ಲವೆನ್ನುವಂತಿಲ್ಲ. ವಿನ್ಯಾಸ ತಂತ್ರಾಂಶದ ಪರದೆಯ ಮೇಲೆ ಗೆರೆ ಸುಂದರವಾಗಿಯೇ ಕಾಣುತ್ತದೆ, ಏಕೆಂದರೆ ನಾವು ಸಾಮಾನ್ಯವಾಗಿ ಒಂದು ಹೊತ್ತಿಗೆ ಒಂದು ಪದರವನ್ನೇ ನೋಡುತ್ತಿರುತ್ತೇವೆ.

ಹಾರ್ಡ್ ಡಿಸ್ಕ್ ಕೇಬಲ್ಲಿನ ಆ ನಲವತ್ತು ‘ಖಾಲಿ’ ತಂತಿಗಳ ಕೆಲಸವೂ ಈಗ ತಿಳಿಯುತ್ತದೆ. ಪ್ರತಿ ಸಂಕೇತದ ಮಗ್ಗುಲಲ್ಲೇ ಹಿಂದಿರುಗುವ ಹಾದಿ ಒದಗಿಸುವುದು ಅವುಗಳ ಕೆಲಸವಾಗಿತ್ತು. ಮಾಡ್ಯೂಲ್ ಕನೆಕ್ಟರುಗಳಲ್ಲಿ ಅಷ್ಟೊಂದು ಪಿನ್‌ಗಳು ಗ್ರೌಂಡಿಗೇ ಮೀಸಲಾಗಿರುವುದೂ ಇದಕ್ಕೇ. ಅವುಗಳಲ್ಲಿ ಕೆಲವನ್ನು ಜೋಡಿಸದೆ ಬಿಟ್ಟರೂ ನಡೆಯುತ್ತದೆ ಎಂದು ಭಾವಿಸಬಾರದು. ಗೆರೆ ಒಂದು ಪದರದಿಂದ ಇನ್ನೊಂದಕ್ಕೆ ಇಳಿಯುವ ತಾಮ್ರ ಲೇಪಿತ ರಂಧ್ರಕ್ಕೆ ವಯಾ ಎನ್ನುತ್ತಾರೆ. ಗೆರೆ ಇಳಿದಲ್ಲಿ ನೆರಳೂ ಇಳಿಯಬೇಕು. ಆದ್ದರಿಂದ ಪಕ್ಕದಲ್ಲೇ ಎರಡು ಗ್ರೌಂಡ್ ರಂಧ್ರಗಳಿರಬೇಕು. ವಯಾ ಎಂದರೆ ಅನೇಕರಿಗೆ ಅತಿಯಾದ ಭಯ. 1.6 ಮಿ.ಮೀ. ದಪ್ಪದ ಬೋರ್ಡಿನಲ್ಲಿ 5 ಗಿಗಾಬಿಟ್‌ಗೆ ಒಂದೆರಡು ವಯಾಗಳಿಂದ ಆಕಾಶವೇನೂ ಬೀಳುವುದಿಲ್ಲ. ಪಕ್ಕದ ಗ್ರೌಂಡ್ ರಂಧ್ರ ಮರೆತರೆ ಮಾತ್ರ ತೊಂದರೆ ಖಚಿತ.

ಇದೇ ರೀತಿಯ ಇನ್ನೊಂದು ಅತಿ ಎಂದರೆ ಎಲ್ಲ ಜೋಡಿಗಳನ್ನೂ ಒಂದೇ ಉದ್ದಕ್ಕೆ ತರಲು ಹಾವಿನಂತೆ ಗೆರೆಗಳನ್ನು ಸುತ್ತಿಸುವುದು. ಪಿಸಿಐ ಎಕ್ಸ್‌ಪ್ರೆಸ್ಸಿನಲ್ಲಿ ಒಂದು ಲೇನು ಇನ್ನೊಂದಕ್ಕಿಂತ ತಡವಾಗಿ ಬಂದರೆ ಸ್ವೀಕರಿಸುವ ಚಿಪ್ಪೇ ಹೊಂದಿಸಿಕೊಳ್ಳುತ್ತದೆ. ಆದರೆ ಒಂದು ಜೋಡಿಯೊಳಗಿನ ಎರಡು ಗೆರೆಗಳು ಮಾತ್ರ ಮಿಲಿಮೀಟರಿನ ಹತ್ತನೆಯ ಒಂದು ಭಾಗದ ಮಟ್ಟಿಗೆ ಸಮವಿರಬೇಕು. 5 ಮಿ.ಮೀ. ವ್ಯತ್ಯಾಸವಾದರೆ 33 ಪಿಕೊಸೆಕೆಂಡ್ ಹೋಯಿತು. 200ರಲ್ಲಿ 33 ಸಣ್ಣ ಮೊತ್ತವಲ್ಲ. 16 ಗಿಗಾಬಿಟ್ ದಾಟಿದ ಮೇಲಂತೂ ಫಲಕದ ನೇಯ್ಗೆಯೇ ಲೆಕ್ಕಕ್ಕೆ ಬರುತ್ತದೆ. ಗಾಜಿನ ಎಳೆಯ ಡೈಎಲೆಕ್ಟ್ರಿಕ್ ಸ್ಥಿರಾಂಕ ಸುಮಾರು 6, ಎಳೆಗಳ ನಡುವಿನ ರಾಳದ್ದು ಸುಮಾರು 3. ಜೋಡಿಯ ಒಂದು ಗೆರೆ ಎಳೆಯ ಮೇಲೂ ಇನ್ನೊಂದು ಸಂದಿನ ಮೇಲೂ ಬಿದ್ದರೆ ಉದ್ದ ಒಂದೇ ಇದ್ದರೂ ಅಲೆಗಳು ಒಟ್ಟಿಗೆ ತಲುಪುವುದಿಲ್ಲ. ಗೆರೆಗಳನ್ನು ನೇಯ್ಗೆಗೆ ಹತ್ತು ಡಿಗ್ರಿಯಷ್ಟು ಓರೆಯಾಗಿ ಎಳೆಯುವುದು ಇದಕ್ಕೆ ಒಂದು ಮದ್ದು.

ದಾರಿಯಲ್ಲಿ ಕರಗುವ ಸಂಕೇತ

1858ರ ಆಗಸ್ಟ್‌ನಲ್ಲಿ ಅಟ್ಲಾಂಟಿಕ್ ಸಾಗರದ ತಳದಲ್ಲಿ ಹಾಸಿದ ಮೊದಲ ತಂತಿ ಕೇಬಲ್ಲಿನ ಮೂಲಕ ವಿಕ್ಟೋರಿಯಾ ರಾಣಿ ಅಮೆರಿಕದ ಅಧ್ಯಕ್ಷ ಬ್ಯೂಕಾನನ್‌ಗೆ 98 ಪದಗಳ ಸಂದೇಶ ಕಳಿಸಿದರು. ಅದು ತಲುಪಲು 16 ಗಂಟೆ ಹಿಡಿಯಿತು. ಈ ಕಡೆ ಚೂಪಾಗಿ ಒತ್ತಿದ ಮಿಡಿತ ಆ ಕಡೆ ಹರಡಿಕೊಂಡು, ಒಂದರ ಬಾಲ ಇನ್ನೊಂದರ ತಲೆಗೆ ಬೆರೆಯುತ್ತಿತ್ತು. ವಿಭವ ಹೆಚ್ಚಿಸಿದರೆ ಸರಿಹೋದೀತೆಂದು ವೈಟ್‌ಹೌಸ್ ಎಂಬ ಅಧಿಕಾರಿ ಸುಮಾರು 2000 ವೋಲ್ಟ್ ಕೊಟ್ಟರು. ಕೆಲವೇ ವಾರಗಳಲ್ಲಿ ಕೇಬಲ್ ಸತ್ತಿತು. ಮಿಡಿತ ಏಕೆ ಹರಡುತ್ತದೆ ಎಂಬುದನ್ನು ವಿಲಿಯಂ ಥಾಮ್ಸನ್, ಅಂದರೆ ಮುಂದೆ ಲಾರ್ಡ್ ಕೆಲ್ವಿನ್ ಎನಿಸಿದವರು, ಅದಕ್ಕೂ ಮೊದಲೇ ಗಣಿತದಿಂದ ತೋರಿಸಿದ್ದರು. 1870 ಮತ್ತು 80ರ ದಶಕಗಳಲ್ಲಿ ಆಲಿವರ್ ಹೆವಿಸೈಡ್ ಅದಕ್ಕೆ ಪ್ರೇರಕತೆಯನ್ನೂ ಸೇರಿಸಿ ಪೂರ್ಣ ಸಮೀಕರಣಗಳನ್ನು ಬರೆದರು. ಬೋರ್ಡಿನ ಹತ್ತು ಸೆಂಟಿಮೀಟರಿಗೂ ಇಂದು ಬಳಸುವುದು ಅವೇ ಸಮೀಕರಣಗಳನ್ನು.

ನಮ್ಮ ಗೆರೆಯಲ್ಲಿ ಸಂಕೇತವನ್ನು ತಿನ್ನುವವರು ಇಬ್ಬರು. ಮೊದಲನೆಯದು ತಾಮ್ರ. ಆವೃತ್ತಿ ಹೆಚ್ಚಿದಂತೆ ಪ್ರವಾಹ ಲೋಹದ ಮೇಲ್ಮೈಗೆ ಸರಿಯುತ್ತದೆ. ಇದಕ್ಕೆ ಸ್ಕಿನ್ ಇಫೆಕ್ಟ್ ಎಂದು ಹೆಸರು. ಮನೆಯ 50 ಹರ್ಟ್ಸ್ ವಿದ್ಯುತ್ತಿಗೆ ಈ ‘ಚರ್ಮ’ದ ದಪ್ಪ 9 ಮಿ.ಮೀ.ಗೂ ಹೆಚ್ಚು. ಒಂದು ಗಿಗಾಹರ್ಟ್ಸ್‌ನಲ್ಲಿ ಅದು 2 ಮೈಕ್ರೊಮೀಟರ್ ಅಷ್ಟೇ. ತಾಮ್ರದ ಹಾಳೆ 35 ಮೈಕ್ರೊಮೀಟರ್ ದಪ್ಪವಿದ್ದರೂ ಬಹುಪಾಲು ಕೆಲಸಕ್ಕೆ ಬಾರದೆ ಉಳಿಯುತ್ತದೆ. ಫಲಕಕ್ಕೆ ಗಟ್ಟಿಯಾಗಿ ಅಂಟಲೆಂದು ಹಾಳೆಯ ಅಡಿಮೈಯನ್ನು ಬೇಕೆಂದೇ ತರಿತರಿಯಾಗಿ ಮಾಡಿರುತ್ತಾರೆ. ಆ ತರಿಗಳೂ ಕೆಲವು ಮೈಕ್ರೊಮೀಟರ್ ಎತ್ತರದವು. ಪ್ರವಾಹ ಆ ಏರಿಳಿತಗಳನ್ನೆಲ್ಲ ಹತ್ತಿ ಇಳಿಯಬೇಕಾಗುತ್ತದೆ.

ಎರಡನೆಯದು ಅವಾಹಕ. ಅದರ ಅಣುಗಳು ಕ್ಷೇತ್ರದ ಜೊತೆ ಹೊರಳುತ್ತ ಶಕ್ತಿಯನ್ನು ಶಾಖವಾಗಿ ಕಳೆಯುತ್ತವೆ. ಈ ನಷ್ಟ ಆವೃತ್ತಿಗೆ ನೇರ ಅನುಪಾತದಲ್ಲಿ ಏರುತ್ತದೆ. ಸಾಮಾನ್ಯ ಎಫ್‌ಆರ್-4ರಲ್ಲಿ ಹತ್ತು ಸೆಂಟಿಮೀಟರಿಗೆ 2.5 ಗಿಗಾಹರ್ಟ್ಸ್‌ನಲ್ಲಿ ಸುಮಾರು 1 ಡೆಸಿಬೆಲ್, 8 ಗಿಗಾಹರ್ಟ್ಸ್‌ನಲ್ಲಿ ಸುಮಾರು 3 ಡೆಸಿಬೆಲ್, ಅಂದರೆ ಅರ್ಧ ಶಕ್ತಿ. ತಾಮ್ರದ ನಷ್ಟ ಇದರ ಮೇಲೆ ಬೇರೆ. 5 ಗಿಗಾಬಿಟ್ ಸಂಕೇತದ ಅತಿ ಚುರುಕಾದ ಏರಿಳಿತ 2.5 ಗಿಗಾಹರ್ಟ್ಸ್, 16 ಗಿಗಾಬಿಟ್‌ಗೆ 8 ಗಿಗಾಹರ್ಟ್ಸ್ ಎಂಬುದನ್ನು ನೆನಪಿಟ್ಟರೆ ಈ ಸಂಖ್ಯೆಗಳ ಅರ್ಥ ಸ್ಪಷ್ಟವಾಗುತ್ತದೆ.

16 ಗಿಗಾಬಿಟ್ ತಲೆಮಾರಿನ ಪಿಸಿಐ ಎಕ್ಸ್‌ಪ್ರೆಸ್ಸಿನಲ್ಲಿ ಇಡೀ ಹಾದಿಗೆ 28 ಡೆಸಿಬೆಲ್ ನಷ್ಟ ಅನುಮತಿಸಲಾಗಿದೆ. 28 ಡೆಸಿಬೆಲ್ ಎಂದರೆ ವಿಭವ ಇಪ್ಪತ್ತೈದನೆಯ ಒಂದು ಭಾಗಕ್ಕೆ ಇಳಿಯುವುದು. 800 ಮಿಲಿವೋಲ್ಟ್ ಹೊರಟು 32 ತಲುಪುತ್ತದೆ. ಅಷ್ಟರಿಂದಲೇ ಬಿಟ್ ಗುರುತಿಸುವುದು ಸಾಧ್ಯವಾಗಿರುವುದು ಚಿಪ್ಪಿನೊಳಗಿನ ಸಮೀಕಾರಕ ಮಂಡಲಗಳಿಂದ. ದಾರಿ ಯಾವ ಆವೃತ್ತಿಯನ್ನು ಹೆಚ್ಚು ತಿನ್ನುತ್ತದೆಯೋ ಅದನ್ನು ಅವು ಹೆಚ್ಚು ಎತ್ತಿಕೊಡುತ್ತವೆ. ಈ 28 ಡೆಸಿಬೆಲ್ ಒಟ್ಟು ಕುಟುಂಬದ ಖರ್ಚಿನ ಹಣವಿದ್ದಂತೆ. ಮಾಡ್ಯೂಲ್ ಒಂದಿಷ್ಟು ಖರ್ಚು ಮಾಡಿರುತ್ತದೆ, ಸಿಕ್ಕಿಸುವ ಕಾರ್ಡು ಒಂದಿಷ್ಟು ಕೇಳುತ್ತದೆ. ಉಳಿದದ್ದು ಕ್ಯಾರಿಯರಿಗೆ. ಎಷ್ಟು ಉಳಿದಿದೆ ಎಂದು ಮಾಡ್ಯೂಲಿನ ಕೈಪಿಡಿ ಓದಿ ತಿಳಿದ ಮೇಲೆಯೇ ಸಾಕೆಟ್ಟನ್ನು ಎಲ್ಲಿ ಇಡುವುದೆಂದು ತೀರ್ಮಾನಿಸಬೇಕು. ಪೆಟ್ಟಿಗೆಯ ಅಂದಕ್ಕೆ ತಕ್ಕಂತೆ ಸಾಕೆಟ್ ಇಟ್ಟು ಆಮೇಲೆ ಗೆರೆ ಎಳೆಯುವ ರೂಢಿ ಇಲ್ಲಿ ನಡೆಯುವುದಿಲ್ಲ.

ಸಣ್ಣ ಭಾಗಗಳು, ದೊಡ್ಡ ಪೆಟ್ಟು

ಕೆಲವು ತಪ್ಪುಗಳು ಅಲೆಗೆ ಸಂಬಂಧಿಸಿದವೇ ಅಲ್ಲ. ಮಾಡ್ಯೂಲಿನ ಪಿನ್ನಿಗೆ ‘ಕಳಿಸುವುದು’ ಎಂಬ ಹೆಸರಿದ್ದರೆ ಅದು ಮಾಡ್ಯೂಲಿನ ದೃಷ್ಟಿಯಿಂದ. ಅದು ಎದುರಿನ ಚಿಪ್ಪಿನ ‘ಸ್ವೀಕರಿಸುವುದು’ ಎಂಬ ಪಿನ್ನಿಗೆ ಹೋಗಬೇಕು. ಒಂದೇ ಹೆಸರಿನ ಪಿನ್‌ಗಳನ್ನು ಪರಸ್ಪರ ಜೋಡಿಸಿದರೆ ಬೋರ್ಡು ಕಸದ ಬುಟ್ಟಿಗೇ ಸರಿ. ಆದರೆ ಜೋಡಿಯೊಳಗಿನ ಧನ ಮತ್ತು ಋಣ ಗೆರೆಗಳು ಅದಲುಬದಲಾದರೆ ಪಿಸಿಐ ಎಕ್ಸ್‌ಪ್ರೆಸ್ ತಾನೇ ಸರಿಪಡಿಸಿಕೊಳ್ಳುತ್ತದೆ. ಆದ್ದರಿಂದ ಗೆರೆಗಳನ್ನು ಒಂದರ ಮೇಲೊಂದು ದಾಟಿಸುವ ಸರ್ಕಸ್ ಬೇಡ. ಯುಎಸ್‌ಬಿ 2.0ರಲ್ಲಿ ಈ ರಿಯಾಯಿತಿ ಇಲ್ಲ.

ಪಿಸಿಐ ಎಕ್ಸ್‌ಪ್ರೆಸ್ಸಿನಲ್ಲಿ ಕಳಿಸುವ ಕಡೆ ಪ್ರತಿ ಗೆರೆಗೂ ಒಂದು ಧಾರಕ ಇರಬೇಕು. ಮಾಡ್ಯೂಲ್ ಕಳಿಸುವ ಗೆರೆಗಳಿಗೆ ಅದು ಸಾಮಾನ್ಯವಾಗಿ ಮಾಡ್ಯೂಲಿನಲ್ಲೇ ಇರುತ್ತದೆ. ಎದುರಿಗೆ ಸಾಕೆಟ್ ಇದ್ದರೆ ಹಿಂದಿರುಗುವ ಗೆರೆಗಳ ಧಾರಕ ಕಾರ್ಡಿನಲ್ಲಿರುತ್ತದೆ. ಕ್ಯಾರಿಯರಿಗೇ ಬೆಸೆದ ಚಿಪ್ಪಾದರೆ ಮಾತ್ರ ಅದನ್ನು ನಾವು ಹಾಕಬೇಕು. ಎರಡು ಸಲ ಹಾಕಿದವರೂ, ಹಾಕದೆ ಬಿಟ್ಟವರೂ ಸಾಕಷ್ಟು ಮಂದಿ.

ಯುಎಸ್‌ಬಿ ಸಾಕೆಟ್ಟಿನ ಬಳಿ ಬೆರಳಿನ ಸ್ಥಿರವಿದ್ಯುತ್ತಿನಿಂದ ಕಾಪಾಡುವ ಡಯೋಡ್ ಹಾಕುತ್ತಾರೆ. ಅಂಗಡಿಯಲ್ಲಿ ಸಿಕ್ಕ ಸಾಮಾನ್ಯ ಡಯೋಡಿನ ಧಾರಕತೆ 5 ಪಿಕೊಫ್ಯಾರಡ್ ಎನ್ನೋಣ. ಗೆರೆಯ ಎರಡೂ ಬದಿಯ 50 ಓಮ್‌ಗಳು ಸೇರಿ 25 ಓಮ್. ಗುಣಿಸಿದರೆ 125 ಪಿಕೊಸೆಕೆಂಡ್. 5 ಗಿಗಾಬಿಟ್‌ನ ಯುಎಸ್‌ಬಿ 3.0ರಲ್ಲಿ ಬಿಟ್ಟಿನ ಆಯಸ್ಸೇ 200. ಕಾವಲುಗಾರನೇ ದಾರಿ ಮುಚ್ಚಿದಂತಾಯಿತು. 0.3 ಪಿಕೊಫ್ಯಾರಡ್‌ನ ಡಯೋಡ್ ಆರಿಸಿದರೆ ಅದು 7.5 ಪಿಕೊಸೆಕೆಂಡಿಗೆ ಇಳಿಯುತ್ತದೆ.

ಕೆಲಸ ಮಾಡುತ್ತಿದೆಯೇ, ಇಲ್ಲವೇ?

ಇಷ್ಟೆಲ್ಲ ತಪ್ಪುಗಳಿದ್ದರೂ ಬೋರ್ಡು ಚಾಲೂ ಆಗಬಹುದು. ಪಿಸಿಐ ಎಕ್ಸ್‌ಪ್ರೆಸ್ಸಿನ ಎರಡು ತುದಿಗಳೂ ಮೊದಲು ಪರಸ್ಪರ ಮಾತಾಡಿ ವೇಗವನ್ನು ಗೊತ್ತುಮಾಡಿಕೊಳ್ಳುತ್ತವೆ. 8 ಗಿಗಾಬಿಟ್ ಆಗದಿದ್ದರೆ 5, ಅದೂ ಆಗದಿದ್ದರೆ 2.5. ದಾರಿಯಲ್ಲಿ ಕೆಟ್ಟ ಪೊಟ್ಟಣವನ್ನು ಪತ್ತೆಹಚ್ಚಿ ಮತ್ತೆ ತರಿಸಿಕೊಳ್ಳುತ್ತವೆ. ಬಳಸುವವರಿಗೆ ಇದಾವುದೂ ಕಾಣಿಸದು. ಡಿಸ್ಕು ಯಾಕೋ ನಿಧಾನ ಅನ್ನಿಸಬಹುದು, ಅಷ್ಟೆ. ಮೇಜಿನ ಮೇಲೆ ಸರಿಯಿದ್ದ ಯಂತ್ರ ಬೇಸಿಗೆಯ ಮಧ್ಯಾಹ್ನ ಕಾರ್ಖಾನೆಯಲ್ಲಿ ನಿಂತಾಗ ಮಾತ್ರ ದೋಷ ಹೊರಬೀಳುತ್ತದೆ. ಬಿಸಿಯಲ್ಲಿ ತಾಮ್ರದ ರೋಧವೂ ಎಫ್‌ಆರ್-4ರ ನಷ್ಟವೂ ಏರುತ್ತವೆ, ಮೊದಲೇ ಅಂಚಿನಲ್ಲಿದ್ದ ಕೊಂಡಿ ಜಾರುತ್ತದೆ.

ದುಬಾರಿ ಆಸಿಲೊಸ್ಕೋಪ್ ಇದ್ದವರು ಸಾವಿರಾರು ಬಿಟ್‌ಗಳನ್ನು ಒಂದರ ಮೇಲೊಂದು ಹೇರಿ ‘ಕಣ್ಣಿನ ಚಿತ್ರ’ ನೋಡುತ್ತಾರೆ. ಏರು ಇಳಿತಗಳ ನಡುವೆ ಕಣ್ಣಿನಾಕಾರದ ಖಾಲಿ ಜಾಗ ದೊಡ್ಡದಾಗಿದ್ದಷ್ಟೂ ಒಳ್ಳೆಯದು. ಕಾಲೇಜುಗಳಿಗೆ ಅದು ಸುಲಭವಾಗಿ ದಕ್ಕುವುದಿಲ್ಲ. ಆದರೆ ಲಿನಕ್ಸ್‌ನಲ್ಲಿ ಎಲ್‌ಎಸ್‌ಪಿಸಿಐ ಎಂಬ ಆಜ್ಞೆಯನ್ನು ವಿವರ ಕೇಳುವ ಆಯ್ಕೆಯೊಂದಿಗೆ ಕೊಟ್ಟರೆ ಕೊಂಡಿಯ ಸಾಮರ್ಥ್ಯ ಎಷ್ಟು, ಈಗ ಓಡುತ್ತಿರುವ ವೇಗ ಎಷ್ಟು ಎಂದು ಎರಡೂ ಸಾಲುಗಳು ಕಾಣುತ್ತವೆ. ಎರಡೂ ಒಂದೇ ಆಗಿದ್ದರೆ ಮೊದಲ ಪರೀಕ್ಷೆ ಪಾಸು. ಆಮೇಲೆ ತಿದ್ದಿಕೊಂಡ ದೋಷಗಳ ಎಣಿಕೆಯನ್ನು ನೋಡಬೇಕು. ಮಾನಕ ಒಪ್ಪುವ ಮಿತಿ ಲಕ್ಷ ಕೋಟಿ ಬಿಟ್‌ಗಳಿಗೆ ಒಂದು ದೋಷ. 5 ಗಿಗಾಬಿಟ್ ವೇಗದಲ್ಲಿ ಅಷ್ಟು ಬಿಟ್ ಹಾಯಲು 200 ಸೆಕೆಂಡ್ ಸಾಕು. ಹಾಗಾಗಿ ಐದು ನಿಮಿಷ ನೋಡಿ ಸರಿಯಿದೆ ಎನ್ನುವುದು ಪರೀಕ್ಷೆಯಲ್ಲ. ಡಿಸ್ಕಿನಿಂದ ಎಡೆಬಿಡದೆ ಓದಿಸುತ್ತ, ಬೋರ್ಡನ್ನು ಅದು ಮುಂದೆ ಕೆಲಸ ಮಾಡಬೇಕಾದ ಬಿಸಿಯಲ್ಲಿಟ್ಟು, ಒಂದು ರಾತ್ರಿಯಾದರೂ ಬಿಡಬೇಕು.

ರಾಸ್ಪ್‌ಬೆರಿ ಪೈನವರು ತಮ್ಮ ನಾಲ್ಕನೆಯ ಮಾಡ್ಯೂಲಿನ ಮಾದರಿ ಕ್ಯಾರಿಯರಿನ ಪೂರ್ಣ ವಿನ್ಯಾಸವನ್ನು ಕೈಕ್ಯಾಡ್ ಎಂಬ ಮುಕ್ತ ತಂತ್ರಾಂಶದ ಕಡತಗಳಾಗಿ ಪ್ರಕಟಿಸಿದ್ದಾರೆ. ವಿದ್ಯಾರ್ಥಿಗಳು ಅದನ್ನು ತೆರೆದು ಪಿಸಿಐ ಎಕ್ಸ್‌ಪ್ರೆಸ್ ಜೋಡಿಯನ್ನು ಕನೆಕ್ಟರಿನಿಂದ ಸಾಕೆಟ್ಟಿನವರೆಗೆ ಹಿಂಬಾಲಿಸಲಿ. ಉದ್ದ ಅಳೆದು ಅದರಲ್ಲಿ ಒಮ್ಮೆಗೆ ಎಷ್ಟು ಬಿಟ್‌ಗಳಿರುತ್ತವೆ ಎಂದು ಲೆಕ್ಕ ಹಾಕಲಿ. ನಂತರ ಗೆರೆಯ ಪದರವನ್ನು ಮರೆಮಾಡಿ, ಕೆಳಗಿನ ಗ್ರೌಂಡ್ ಪದರವನ್ನು ಮಾತ್ರ ತೆರೆದು, ಅದೇ ಹಾದಿಯಲ್ಲಿ ನೆರಳು ಎಲ್ಲಾದರೂ ತುಂಡಾಗಿದೆಯೇ ಎಂದು ಹುಡುಕಲಿ.